ಕೂಮನ್ ಒಳ್ಳೆಯ ಕೋಚೋ, ಅಲ್ವೋ?

ಹಿಂದಿನ ಸಂಚಿಕೆಯಲ್ಲಿ ಒಬ್ಬ ಓದುಗರು ನೆದರ್‌ಲ್ಯಾಂಡ್ಸ್‌ನ ಫುಟ್‌ಬಾಲಿಗ ರೊನಾಲ್ಡ್ ಕೂಮನ್ ಬಗ್ಗೆ ಕೇಳಿದ್ದರು. ಜಾಗ ಕಮ್ಮಿ ಇತ್ತು. 'ಆಟಗಾರನಾಗಿ ಚಿನ್ನ, ಕೋಚಾಗಿ ಹಿತ್ತಾಳೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆ. ಮುಗಿಯಿತು ಅಂದುಕೊಂಡವನು ನಾನೊಬ್ಬನೇ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳ ನನ್ನ ಹತ್ತಿರವೇ ಇರಲಿ. ಪ್ರಶ್ನೆಗಳಿಗಾಗಿ ಈ ಸಲ ಸಂಪಾದಕರನ್ನು ಕಾಡಿ ಜಾಸ್ತಿ ಜಾಗ ತೆಗೆದುಕೊಂಡಿದ್ದೇನೆ.

ಪ್ರ: ಡಿಫೆಂಡರ್ ಅಂತೀರಿ, ಇನ್ನೂರಕ್ಕೂ ಜಾಸ್ತಿ ಗೋಲು ಅಂತೀರಿ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? (ಪಿಯುಸಿ ವಿದ್ಯಾರ್ಥಿ)

ಉ: ಮೊದಲು ಅವರು ನಿಲ್ಲುತ್ತಿದ್ದ ಜಾಗ ನೋಡಪ್ಪ. ಉಳಿದ ಡಿಫೆಂಡರ್‌ಗಳ ಹಿಂದೆ, ಗೋಲ್‌ಕೀಪರ್‌ಗಿಂತ ಮುಂದೆ. ಲಿಬೆರೊ ಅಂತಾರೆ ಇದಕ್ಕೆ. ಎದುರಾಳಿಯೊಬ್ಬನನ್ನು ಹಿಡಿದುಕೊಂಡು ಅವನ ಬೆನ್ನು ಹತ್ತುವ ಕೆಲಸ ಇಲ್ಲ. ಬೇರೆಯವರಿಂದ ತಪ್ಪಿಸಿಕೊಂಡು ಬಂದದ್ದನ್ನು ಗುಡಿಸಬೇಕು. ಆಮೇಲೆ ತಲೆಯೆತ್ತಿ ಮೈದಾನ ನೋಡಿ, ಚೆಂಡನ್ನು ನಲವತ್ತೋ ಐವತ್ತೋ ಮೀಟರ್ ದೂರ ಇರುವವನ ಕಾಲಿಗೆ ಹಾಕಬೇಕು. ಕೂಮನ್ ಓಟದಲ್ಲಿ ನಿಧಾನ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ತಾನು ಓಡುವ ಬದಲು ಚೆಂಡನ್ನು ಓಡಿಸುತ್ತಿದ್ದರು.

ಇನ್ನು ಗೋಲು. ಅದರಲ್ಲಿ ದೊಡ್ಡ ಪಾಲು ಪೆನಾಲ್ಟಿ ಮತ್ತು ಫ್ರೀ ಕಿಕ್‌ನದು. ಅಂದರೆ ಚೆಂಡು ನಿಂತಿರಬೇಕು, ಇವರು ಬಂದು ಒದೆಯಬೇಕು. 'ಓ, ಅಷ್ಟೇನಾ' ಅನ್ನಬೇಡ. ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನಲ್ಲಿ, 1993–94ರಲ್ಲಿ 8 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯಲ್ಲಿ ಜಂಟಿ ಮೊದಲ ಸ್ಥಾನದಲ್ಲಿದ್ದರು. ಆಗ ಅವರು ಸ್ಪೇನ್‌ನ ಬಾರ್ಸಿಲೋನಾ ಕ್ಲಬ್ಬಿನಲ್ಲಿ, ಬೆನ್ನ ಮೇಲೆ 4ನೇ ನಂಬರು. ಗೋಲು ಹೊಡೆಯುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಸ್ಟ್ರೈಕರ್‌ಗಳೆಲ್ಲ ಆ ವರ್ಷ ಏನು ಮಾಡುತ್ತಿದ್ದರು ಅಂತ ಕೇಳಬೇಡ.

ನಾನೂ ಕಾಲೇಜಿನಲ್ಲಿ ಡಿಫೆಂಡರ್. ನಿಂತ ಚೆಂಡನ್ನು ಒದೆಯುವುದು ಸುಲಭ ಅಂತ ನಂಬಿ ಒಮ್ಮೆ ಫ್ರೀ ಕಿಕ್ ಕೇಳಿ ತೆಗೆದುಕೊಂಡೆ. ಚೆಂಡು ಕಾಂಪೌಂಡ್ ದಾಟಿತು. ಮತ್ತೆ ಯಾರೂ ಕೊಡಲಿಲ್ಲ.

ಪ್ರ: ವೆಂಬ್ಲಿಯಲ್ಲಿ ಹೊಡೆದ ಆ ಒಂದು ಗೋಲಿಗೆ ಯಾಕಿಷ್ಟು ಹೆಸರು? ಫ್ರೀ ಕಿಕ್ ಗೋಲು ಎಷ್ಟು ಬಂದಿಲ್ಲ! (ನಿವೃತ್ತ ಮೇಷ್ಟರು)

ಉ: ಮೇಷ್ಟ್ರೇ, ಆ ಗೋಲಿಗೆ ಮುಂಚಿನ ಬಾರ್ಸಿಲೋನಾವನ್ನು ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಕ್ಲಬ್, ಆದರೆ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೇ ಹೆಸರು) ಒಂದೂ ಇಲ್ಲ. ರಿಯಲ್ ಮ್ಯಾಡ್ರಿಡ್ ಹತ್ತಿರ ಆಗಲೇ ಆರಿತ್ತು. ಬಾರ್ಸಿಲೋನಾ 1961ರ ಫೈನಲ್‌ನಲ್ಲಿ ಪೋರ್ಚುಗಲ್‌ನ ಬೆನ್ಫಿಕಾಗೆ ಸೋತಿತು. 1986ರಲ್ಲಿ ಸೆವಿಲ್ಲೆಯಲ್ಲಿ ರೊಮೇನಿಯಾದ ಸ್ಟೀವಾಗೆ ಸೋತಿದ್ದಂತೂ ಪೆನಾಲ್ಟಿಗಳಲ್ಲಿ, ಅದೂ ಒಂದನ್ನೂ ಒಳಗೆ ಹಾಕದೆ.

1992ರ ಮೇ 20. ಲಂಡನ್ನಿನ ಹಳೇ ವೆಂಬ್ಲಿ. ಎದುರಿಗೆ ಇಟಲಿಯ ಸಾಂಪ್ಡೋರಿಯಾ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಎರಡನೇ ಭಾಗದಲ್ಲಿ, ಪೆನಾಲ್ಟಿ ಪೆಟ್ಟಿಗೆಯ ಹೊರಗೆ ಒಂದು ಫ್ರೀ ಕಿಕ್ ಸಿಕ್ಕಿತು. ಸ್ಟೋಯ್ಚ್‌ಕೋವ್ ಚೆಂಡನ್ನು ಮೆಲ್ಲಗೆ ತಳ್ಳಿದರು. ಬಕೇರೊ ಕಾಲಿಟ್ಟು ನಿಲ್ಲಿಸಿದರು. ಕೂಮನ್ ಓಡಿ ಬಂದು ಒದ್ದರು. ಚೆಂಡು ಮೇಲೇಳಲೇ ಇಲ್ಲ. ಎದುರಾಳಿಗಳು ಸಾಲಾಗಿ ನಿಂತು ಕಟ್ಟಿದ ಗೋಡೆಯ ಪಕ್ಕದಿಂದ ನೆಲಕ್ಕೆ ಹತ್ತಿರವಾಗಿ ಹೋಗಿ ಬಲೆ ಸೇರಿತು. ಗೋಲ್‌ಕೀಪರ್ ಪಗ್ಲಿಯೂಕಾ ಹಾರಿದ್ದೂ ವ್ಯರ್ಥ.

ಆ ದೃಶ್ಯದಲ್ಲಿ ನನಗೆ ಇಷ್ಟ ಆಗುವುದು ಗೋಲಲ್ಲ, ಬೆಂಚಿನ ಕಡೆ ನಡೆದದ್ದು. ಕೋಚ್ ಯೋಹಾನ್ ಕ್ರೈಫ್, ಉದ್ದ ಕೋಟು ಹಾಕಿಕೊಂಡವರು, ಜಾಹೀರಾತಿನ ಹಲಗೆ ದಾಟಿ ಮೈದಾನದ ಕಡೆ ಬರಲು ಹೋಗುತ್ತಾರೆ. ಕಾಲು ಸರಿಯಾಗಿ ಮೇಲೇಳುವುದಿಲ್ಲ. ಎಡವಿ, ತಡಕಾಡಿ, ಹೇಗೋ ದಾಟುತ್ತಾರೆ. ಒಂದು ಕಾಲದಲ್ಲಿ ಡಿಫೆಂಡರ್‌ಗಳನ್ನು ನೀರು ಕುಡಿದಷ್ಟು ಸುಲಭವಾಗಿ ದಾಟುತ್ತಿದ್ದ ಮನುಷ್ಯ!

ಆ ರಾತ್ರಿ ಬಾರ್ಸಿಲೋನಾ ಆಡಿದ್ದು ಕಿತ್ತಳೆ ಬಣ್ಣದ ಅಂಗಿಯಲ್ಲಿ. ಕಪ್ ಎತ್ತುವ ಮುಂಚೆ ತಮ್ಮ ನೀಲಿ-ಕೆಂಪು ಅಂಗಿ ಹಾಕಿಕೊಂಡರು. ಕಿತ್ತಳೆ ಅಂದರೆ ನೆದರ್‌ಲ್ಯಾಂಡ್ಸ್‌ನ ಬಣ್ಣ ಅಲ್ವಾ? ಕೋಚೂ ಡಚ್ಚರು, ಗೋಲು ಹೊಡೆದವರೂ ಡಚ್ಚರು. ಕಾಕತಾಳೀಯವೇ ಇರಬಹುದು. ಚೆನ್ನಾಗಿದೆ.

ಪ್ರ: ಜರ್ಮನಿಯ ಆಟಗಾರನ ಅಂಗಿಯಿಂದ ಹಿಂಬದಿ ಒರೆಸಿಕೊಂಡರು ಅಂತ ಕೇಳಿದ್ದೇನೆ. ನಿಜವಾ? (ಗೃಹಿಣಿ)

ಉ: ನಿಜ. 1988ರ ಯೂರೋ (ಯುರೋಪಿನ ದೇಶಗಳ ಕಪ್) ಸೆಮಿಫೈನಲ್, ಹ್ಯಾಂಬರ್ಗ್. ಆತಿಥೇಯ ಪಶ್ಚಿಮ ಜರ್ಮನಿ ಮೊದಲು ಗೋಲು ಹೊಡೆಯಿತು. ಕೂಮನ್ ಪೆನಾಲ್ಟಿಯಿಂದ ಸಮ ಮಾಡಿದರು, ಕೊನೆ ಗಳಿಗೆಯಲ್ಲಿ ವಾನ್ ಬಾಸ್ಟನ್ ಗೆಲ್ಲಿಸಿದರು. ಪಂದ್ಯ ಮುಗಿದ ಮೇಲೆ ಕೂಮನ್ ಜರ್ಮನಿಯ ಓಲಾಫ್ ಟೋನ್ ಜೊತೆ ಅಂಗಿ ಬದಲಾಯಿಸಿಕೊಂಡರು. ಆಮೇಲೆ ಡಚ್ ಅಭಿಮಾನಿಗಳ ಎದುರು ಆ ಅಂಗಿಯನ್ನು ನೀವು ಕೇಳಿದ ಹಾಗೇ ಮಾಡಿ ತೋರಿಸಿದರು.

1974ರ ವಿಶ್ವಕಪ್ ಫೈನಲ್‌ನಲ್ಲಿ ಮ್ಯೂನಿಕ್‌ನಲ್ಲಿ ಇದೇ ಜರ್ಮನಿಗೆ ಸೋತ ಗಾಯ, ಅದಕ್ಕೂ ಹಿಂದೆ ಎರಡನೇ ಮಹಾಯುದ್ಧದಲ್ಲಿ ಐದು ವರ್ಷ ಜರ್ಮನಿಯ ಕೈಕೆಳಗೆ ಇದ್ದ ನೆನಪು, ಇವೆಲ್ಲ ಡಚ್ಚರ ಮನಸ್ಸಿನಲ್ಲಿ ಇದ್ದವು. ಕಾರಣ ಗೊತ್ತಾಗುತ್ತದೆ. ಆದರೂ ಟೋನ್ ಪಾಪ, 1974ರಲ್ಲಿ ಎಂಟು ವರ್ಷದ ಹುಡುಗ. 25 ವರ್ಷದ ಕೂಮನ್ ಮಾಡಿದ್ದು ಕೊಳಕು ಕೆಲಸವೇ. ನಾಲ್ಕು ದಿನ ಬಿಟ್ಟು ಅದೇ ಮ್ಯೂನಿಕ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 2–0ಯಿಂದ ಸೋಲಿಸಿ ನೆದರ್‌ಲ್ಯಾಂಡ್ಸ್ ಕಪ್ ಗೆದ್ದಿತು.

ಪ್ರ: ಅವರ ತಂಡ ಒಂದೂ ಪಂದ್ಯ ಗೆಲ್ಲದೆ ಯುರೋಪಿಯನ್ ಕಪ್ ಗೆದ್ದಿತ್ತಂತೆ. ಗೆಳೆಯನ ಜೊತೆ ಪಂಥ ಕಟ್ಟಿದ್ದೇನೆ, ಬೇಗ ಹೇಳಿ.

ಉ: ಅರ್ಧ ಪಂಥ ನಿಮ್ಮದು. ಅದು 1988ರ ಡಚ್ ಕ್ಲಬ್ ಪಿಎಸ್‌ವಿ ಐಂಡ್‌ಹೋವನ್, ಕೋಚ್ ಗೂಸ್ ಹಿಡಿಂಕ್. ಮೊದಲ ಸುತ್ತುಗಳಲ್ಲಿ ಗೆದ್ದಿದ್ದರು. ಕ್ವಾರ್ಟರ್‌ಫೈನಲ್‌ನಿಂದ ಮುಂದೆ ಐದಕ್ಕೆ ಐದೂ ಡ್ರಾ. ಬೋರ್ಡೊ ವಿರುದ್ಧ ಎರಡು ಪಂದ್ಯ, 1–1, 0–0. ರಿಯಲ್ ಮ್ಯಾಡ್ರಿಡ್ ವಿರುದ್ಧ ಮತ್ತೆ 1–1, 0–0. ಬೇರೆಯವರ ಮೈದಾನದಲ್ಲಿ ಹೊಡೆದ ಗೋಲಿಗೆ ಆಗ ಜಾಸ್ತಿ ಬೆಲೆ ಇತ್ತು, ಅದರಲ್ಲೇ ದಾಟಿಕೊಂಡರು. ಫೈನಲ್ ಬೆನ್ಫಿಕಾ ವಿರುದ್ಧ 0–0, ಪೆನಾಲ್ಟಿಯಲ್ಲಿ 6–5. ಮೊದಲ ಪೆನಾಲ್ಟಿ ಕೂಮನ್‌ರದ್ದು.

ಅದೇ ತಿಂಗಳು ಅವರ ಅಣ್ಣ ಎರ್ವಿನ್ ಬೆಲ್ಜಿಯಮ್ಮಿನ ಮೆಖಲೆನ್ ತಂಡದ ಜೊತೆ, ತಂತಮ್ಮ ದೇಶದ ಕಪ್ ಗೆದ್ದ ಕ್ಲಬ್‌ಗಳು ಆಡುವ ಕಪ್ ವಿನ್ನರ್ಸ್ ಕಪ್ ಗೆದ್ದಿದ್ದರು. ಹೀಗಾಗಿ ಎರಡು ಕಪ್ ಗೆದ್ದವರ ನಡುವಿನ ಸೂಪರ್ ಕಪ್ಪಿನಲ್ಲಿ ಅಣ್ಣನ ತಂಡ ಒಂದು ಕಡೆ, ತಮ್ಮನ ತಂಡ ಇನ್ನೊಂದು ಕಡೆ. ಅಣ್ಣನ ತಂಡವೇ ಗೆದ್ದಿತು. ಇವರ ಅಪ್ಪ ಮಾರ್ಟಿನ್ ಕೂಡ ದೇಶಕ್ಕೆ ಆಡಿದವರು. ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಡಿಕೊಂಡರೋ!

ಪ್ರ: ಇಂಗ್ಲೆಂಡಿನವರಿಗೆ ಕೂಮನ್ ಕಂಡರೆ ಯಾಕೆ ಸಿಟ್ಟು?

ಉ: 1993ರ ಅಕ್ಟೋಬರ್, ರೋಟರ್‌ಡ್ಯಾಮ್, ವಿಶ್ವಕಪ್ ಅರ್ಹತಾ ಪಂದ್ಯ. ಇಂಗ್ಲೆಂಡಿನ ಡೇವಿಡ್ ಪ್ಲ್ಯಾಟ್ ಗೋಲಿನತ್ತ ಒಬ್ಬರೇ ನುಗ್ಗುತ್ತಿದ್ದಾಗ ಕೂಮನ್ ಹಿಡಿದೆಳೆದರು. ಕೆಂಪು ಕಾರ್ಡು ಬರಬೇಕಿತ್ತು, ಹಳದಿ ಬಂತು. ಸ್ವಲ್ಪ ಹೊತ್ತಿಗೆ ಅದೇ ಕೂಮನ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು. ಒಮ್ಮೆ ಒದ್ದದ್ದು ತಡೆಯಾಗಿ, ರೆಫರಿ ಮತ್ತೆ ಒದೆಯಲು ಹೇಳಿದಾಗ, ಈ ಸಲ ಗೋಡೆಯ ಮೇಲಿಂದ ಮೆತ್ತಗೆ ಇಳಿಸಿದರು. ಪಂದ್ಯ 2–0. ಇಂಗ್ಲೆಂಡ್ 1994ರ ವಿಶ್ವಕಪ್ಪಿಗೆ ಹೋಗಲಿಲ್ಲ. ಡ್ರೆಸಿಂಗ್ ರೂಮಿನಲ್ಲಿ ಇರಬೇಕಾದವನು ಗೋಲು ಹೊಡೆದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಪ್ರ: 'ಕೋಚಾಗಿ ಹಿತ್ತಾಳೆ' ಅಂದಿರಿ. ಡಚ್ ಕ್ಲಬ್ ಅಯಾಕ್ಸ್ ಜೊತೆ ಎರಡು ಲೀಗ್, ಪಿಎಸ್‌ವಿ ಜೊತೆ ಒಂದು, ಸ್ಪೇನ್‌ನಲ್ಲಿ ಎರಡು ಕಪ್. ಇದು ಹಿತ್ತಾಳೆಯಾದರೆ ಚಿನ್ನ ಯಾವುದು ಸ್ವಾಮಿ? (ಬ್ಯಾಂಕ್ ಉದ್ಯೋಗಿ)

ಉ: ಈ ಪತ್ರ ನನ್ನನ್ನು ಒಂದು ಭಾನುವಾರ ಪೂರ್ತಿ ಕೂರಿಸಿತು. ನಿಮ್ಮ ಲಕೋಟೆಯ ಹಿಂದೆಯೇ ಗೀಟು ಹಾಕಿ ಎರಡು ಸಾಲು ಮಾಡಿದೆ. ಎಡಕ್ಕೆ, ಕೂಮನ್ ಬಂದಾಗ ತಂಡ ಹೇಗಿತ್ತು. ಬಲಕ್ಕೆ, ಹೋದಾಗ ಹೇಗಿತ್ತು. 2000ದಲ್ಲಿ ಡಚ್ ಕ್ಲಬ್ ವಿಟೆಸ್ಸೆಯಿಂದ ಶುರುವಾಗಿ ಒಟ್ಟು ಹನ್ನೆರಡು ನೌಕರಿ. ಬರೆಯುತ್ತಾ ಹೋದಂತೆ ನಾನು ಅಂದುಕೊಳ್ಳದ ಒಂದು ಸಂಗತಿ ಕಂಡಿತು. ಈ ಮನುಷ್ಯನಿಗೆ ಖಾಲಿ ಪಾತ್ರೆ ಕೊಟ್ಟರೆ ಅಡುಗೆ ಮಾಡುತ್ತಾರೆ. ತುಂಬಿದ ಉಗ್ರಾಣ ಕೊಟ್ಟರೆ ಸೀಯಿಸುತ್ತಾರೆ.

ಖಾಲಿ ಪಾತ್ರೆ ಮೊದಲು. 2011ರಲ್ಲಿ ರೋಟರ್‌ಡ್ಯಾಮ್‌ನ ಕ್ಲಬ್ ಫೆಯನೋರ್ಡ್‌ಗೆ ಬಂದರು. ಕ್ಲಬ್ ಹತ್ತಿರ ದುಡ್ಡಿಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ಪಿಎಸ್‌ವಿ ಕೈಯಲ್ಲಿ 10–0 ಹೊಡೆಸಿಕೊಂಡ ತಂಡ ಅದು. ಹತ್ತು! ಕೂಮನ್ ಕ್ಲಬ್ಬಿನಲ್ಲೇ ಬೆಳೆದ ಹುಡುಗರನ್ನು ಇಟ್ಟುಕೊಂಡು ಮೊದಲ ವರ್ಷವೇ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ತಂದರು. ಡಿ ವ್ರೈ, ಮಾರ್ಟಿನ್ಸ್ ಇಂಡಿ, ಕ್ಲಾಸಿ ಎಲ್ಲ ಅಲ್ಲಿಂದ ರಾಷ್ಟ್ರೀಯ ತಂಡ ಸೇರಿದವರು.

2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್. ಇವರು ಬರುವ ಹೊತ್ತಿಗೆ ಅಂಗಡಿಯ ಅರ್ಧ ಸಾಮಾನು ಮಾರಾಟವಾಗುತ್ತಿತ್ತು. ಲಲಾನಾ, ಲವ್ರೆನ್, ಲ್ಯಾಂಬರ್ಟ್ ಲಿವರ್‌ಪೂಲ್‌ಗೆ, ಲ್ಯೂಕ್ ಶಾ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಚೇಂಬರ್ಸ್ ಆರ್ಸೆನಲ್‌ಗೆ. ಆಗ ಕೂಮನ್ ಟ್ವಿಟರ್‌ನಲ್ಲಿ ಒಂದು ಫೋಟೋ ಹಾಕಿದರು. ಅಭ್ಯಾಸದ ಮೈದಾನ, ಹಸಿರು ಹುಲ್ಲು, ಒಬ್ಬ ಆಟಗಾರನೂ ಇಲ್ಲ. ಜೊತೆಗೆ, ತರಬೇತಿಗೆ ರೆಡಿ ಅನ್ನುವ ಅರ್ಥದ ಒಂದು ಸಾಲು. ಇದಕ್ಕಿಂತ ಒಳ್ಳೆಯ ತಮಾಷೆಯನ್ನು ಯಾವ ಕೋಚೂ ಮಾಡಿದ್ದು ನಾನು ಕಂಡಿಲ್ಲ. ಆಮೇಲೆ ಮಾನೆ, ಟಾಡಿಚ್, ಪೆಲ್ಲೆಯವರನ್ನು ತಂದರು. ಆ ವರ್ಷ 7ನೇ ಸ್ಥಾನ, ಮರುವರ್ಷ 6ನೇ ಸ್ಥಾನ. 2015ರಲ್ಲಿ ಸೆಲ್ಟಿಕ್‌ನಿಂದ ಒಬ್ಬ ಎತ್ತರದ ಡಿಫೆಂಡರ್‌ನನ್ನು ಕರೆತಂದರು. ಹೆಸರು ವರ್ಜಿಲ್ ವಾನ್ ಡೈಕ್.

2018ರಲ್ಲಿ ನೆದರ್‌ಲ್ಯಾಂಡ್ಸ್ ರಾಷ್ಟ್ರೀಯ ತಂಡ. 2016ರ ಯೂರೋ ಇಲ್ಲ, 2018ರ ವಿಶ್ವಕಪ್ ಇಲ್ಲ. ಎರಡಕ್ಕೂ ಅರ್ಹತೆಯೇ ಸಿಕ್ಕಿರಲಿಲ್ಲ. ಕೂಮನ್ ಬಂದವರೇ ಅದೇ ವಾನ್ ಡೈಕ್‌ರನ್ನು ನಾಯಕ ಮಾಡಿದರು. ಆ ನವೆಂಬರ್‌ನಲ್ಲಿ ವಿಶ್ವ ಚಾಂಪಿಯನ್ ಫ್ರಾನ್ಸನ್ನು 2–0ಯಿಂದ ಸೋಲಿಸಿ, ಮೂರು ದಿನ ಬಿಟ್ಟು ಜರ್ಮನಿಯ ಗೆಲ್ಸನ್‌ಕಿರ್ಷನ್‌ಗೆ ಹೋದರು. 85ನೇ ನಿಮಿಷದವರೆಗೂ 2–0 ಹಿಂದೆ. ಬೆಂಚಿನಿಂದ ಮೈದಾನದೊಳಕ್ಕೆ ಒಂದು ಚೀಟಿ ಹೋಯಿತು. ಯಾರು ಎಲ್ಲಿ ನಿಲ್ಲಬೇಕು ಅಂತ ಅದರಲ್ಲಿತ್ತು. ಪ್ರೋಮ್ಸ್ ಒಂದು ಗೋಲು ಹೊಡೆದರು. ಡಿಫೆಂಡರ್ ವಾನ್ ಡೈಕ್ ಮುಂದೆ ಹೋಗಿ ಇನ್ನೊಂದು ಹೊಡೆದರು. ಅವರ ಗುಂಪಿನಲ್ಲಿ ನೆದರ್‌ಲ್ಯಾಂಡ್ಸ್ ಮೊದಲ ಸ್ಥಾನಕ್ಕೆ ಬಂದು, ಯುರೋಪಿನ ದೇಶಗಳು ಆಡುವ ನೇಷನ್ಸ್ ಲೀಗ್‌ನ 2019ರ ಫೈನಲ್‌ವರೆಗೂ ಹೋಯಿತು. ಅಲ್ಲಿ ಪೋರ್ಚುಗಲ್‌ಗೆ 1–0ಯಿಂದ ಸೋತಿತು.

ಈಗ ಉಗ್ರಾಣದ ಕಥೆ. 2007ರ ಕೊನೆಗೆ ಸ್ಪೇನ್‌ನ ವೆಲೆನ್ಸಿಯಾ. ಲೀಗ್‌ನ ಮೇಲಿನ ಸಾಲಿನಲ್ಲಿದ್ದ ತಂಡ. ಬಂದು ಎರಡು ತಿಂಗಳೊಳಗೆ ಗೋಲ್‌ಕೀಪರ್ ಕಾನಿಜಾರೆಸ್, ನಾಯಕ ಆಲ್ಬೆಲ್ಡಾ, ಆಂಗುಲೊ ಮೂವರನ್ನೂ ತಂಡದಿಂದ ದೂರ ಇಟ್ಟರು. ಆಲ್ಬೆಲ್ಡಾ ಕೋರ್ಟಿಗೇ ಹೋದರು. ತಂಡ ಜಾರಿ ಜಾರಿ ಕೆಳದರ್ಜೆಯ ಗಡಿಗೆ ಬಂತು. ಇದರ ಮಧ್ಯೆ 2008ರ ಏಪ್ರಿಲ್ 16ರಂದು ಗೆಟಾಫೆಯನ್ನು 3–1ರಿಂದ ಸೋಲಿಸಿ ಸ್ಪೇನ್‌ನ ರಾಜನ ಕಪ್ ಗೆದ್ದರು. ನಾಲ್ಕನೇ ದಿನ ಬಿಲ್ಬಾವೊದಲ್ಲಿ 5–1 ಸೋಲು. ಐದನೇ ದಿನ ಮನೆಗೆ. ಕಪ್ ಗೆದ್ದ ವಾರದಲ್ಲೇ ಕೆಲಸ ಹೋಯಿತು. ನೀವು ಹೇಳಿದ ಎರಡು ಕಪ್‌ಗಳಲ್ಲಿ ಒಂದು ಇದೇ ಸ್ವಾಮಿ.

2009ರಲ್ಲಿ ಡಚ್ ಕ್ಲಬ್ ಎಜೆಡ್. ಆಗಷ್ಟೇ ಕೋಚ್ ವಾನ್ ಗಾಲ್ ಲೀಗ್ ಗೆದ್ದುಕೊಟ್ಟು ಹೋಗಿದ್ದ ತಂಡ. ಡಿಸೆಂಬರ್‌ಗೆ ಕೂಮನ್ ಔಟ್. ಆದರೆ ಆ ಕ್ಲಬ್ಬಿನ ಬೆನ್ನಿಗಿದ್ದ ಬ್ಯಾಂಕೇ ಆ ವರ್ಷ ಮುಳುಗಿತು. ಹಾಗಾಗಿ ಪೂರ್ತಿ ತಪ್ಪು ಅವರ ತಲೆಗೆ ಕಟ್ಟಲಾರೆ. ಬ್ಯಾಂಕಿನವರು ನೀವು, ನಿಮಗೆ ಜಾಸ್ತಿ ಗೊತ್ತು. ಇಂಗ್ಲೆಂಡಿನ ಎವರ್ಟನ್‌ನಲ್ಲಿ ಮಾತ್ರ ನೆಪ ಕಮ್ಮಿ. 2017ರ ಬೇಸಿಗೆಯಲ್ಲಿ ಪಿಕ್‌ಫೋರ್ಡ್, ಕೀನ್, ಕ್ಲಾಸನ್, ಸಿಗುರ್ಡ್‌ಸನ್, ಹಳೇ ಮನೆಗೆ ವಾಪಸ್ ಬಂದ ರೂನಿ ಎಂದು ಕೈತುಂಬ ಖರೀದಿ ನಡೆಯಿತು. ಒಂದೇ ಜಾಗದಲ್ಲಿ ಆಡುವವರು ಮೂರು ಜನ, ಗೋಲು ಹೊಡೆಯುವವರು ಯಾರೂ ಇಲ್ಲ. ಲುಕಾಕುವನ್ನು ಮಾರಿ ಆಗಿತ್ತು. ಅಕ್ಟೋಬರ್‌ನಲ್ಲಿ ಆರ್ಸೆನಲ್ ಕೈಯಲ್ಲಿ 5–2 ಸೋತು ಕೆಲಸ ಕಳೆದುಕೊಂಡರು.

ಅಯಾಕ್ಸ್ ನಿಮ್ಮ ಪರವಾಗಿದೆ, ಒಪ್ಪುತ್ತೇನೆ. 2002, 2004ರ ಲೀಗ್ ಎರಡೂ ಅವರದೇ. ಇಬ್ರಾಹಿಮೊವಿಚ್, ವಾನ್ ಡರ್ ವಾರ್ಟ್, ಸ್ನೈಡರ್ ಎಲ್ಲ ಹುಡುಗರಾಗಿದ್ದ ತಂಡ ಅದು. 2003ರಲ್ಲಿ ಎಸಿ ಮಿಲಾನ್ ಕೊನೇ ಗಳಿಗೆಯಲ್ಲಿ ಗೋಲು ಹೊಡೆಯದಿದ್ದರೆ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇರುತ್ತಿದ್ದರು. ಪಿಎಸ್‌ವಿಯ ಲೀಗ್ ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ. 2007ರಲ್ಲಿ ದೊಡ್ಡ ಮುನ್ನಡೆ ಕರಗಿಸಿಕೊಂಡು, ಕೊನೇ ದಿನ ಎಜೆಡ್, ಅಯಾಕ್ಸ್, ಪಿಎಸ್‌ವಿ ಮೂರೂ 72 ಅಂಕದಲ್ಲಿ ನಿಂತಿದ್ದವು. ಎಜೆಡ್ ಚಿಕ್ಕ ತಂಡ ಎಕ್ಸೆಲ್ಸಿಯರ್‌ಗೆ ಸೋತಿತು. ಅಯಾಕ್ಸ್ 2–0 ಗೆದ್ದಿತು. ಪಿಎಸ್‌ವಿ 5–1 ಗೆದ್ದಿತು. ಅಯಾಕ್ಸ್‌ನಷ್ಟೇ ಅಂಕ, ಇಡೀ ಲೀಗ್‌ನ ಗೋಲುಗಳ ಲೆಕ್ಕದಲ್ಲಿ ಬರೀ ಒಂದು ಗೋಲಿನ ಅಂತರದಿಂದ ಚಾಂಪಿಯನ್ ಆಯಿತು. ಎದುರಿಗಿದ್ದದ್ದು ಯಾರು ಗೊತ್ತಾ? ಕೂಮನ್ ಕೋಚ್ ಕೆಲಸ ಕಲಿತ ವಿಟೆಸ್ಸೆ.

ಹಿತ್ತಾಳೆ ಅನ್ನುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ತಾಮ್ರ ಅಂದರೆ ಒಪ್ಪುತ್ತೀರಾ? ಕೆಲಸಕ್ಕೆ ಬರುತ್ತದೆ, ತಿಕ್ಕುತ್ತಾ ಇರಬೇಕು.

ಪ್ರ: ಮೆಸ್ಸಿ ಬಾರ್ಸಿಲೋನಾ ಬಿಟ್ಟದ್ದು ಈ ಮನುಷ್ಯನಿಂದಲೇ. ಕ್ಷಮೆಯೇ ಇಲ್ಲ. (ಮೆಸ್ಸಿ ಭಕ್ತ)

ಉ: ಪ್ರಶ್ನೆ ಇಲ್ಲ, ತೀರ್ಪು ಇದೆ. ಆದರೂ ಮೇಲ್ಮನವಿ ಹಾಕುತ್ತೇನೆ.

2020ರ ಆಗಸ್ಟ್ 14ರಂದು ಬಾರ್ಸಿಲೋನಾ ಜರ್ಮನಿಯ ಬಯರ್ನ್ ಕೈಯಲ್ಲಿ 8–2 ಸೋತಿತು. ಐದು ದಿನಕ್ಕೆ ಕೂಮನ್ ಬಂದರು. ಆ ಮೇ ತಿಂಗಳಲ್ಲಷ್ಟೇ ಸೈಕಲ್ ತುಳಿದು ಬಂದವರಿಗೆ ಎದೆನೋವು ಕಾಣಿಸಿಕೊಂಡು, ಆಸ್ಪತ್ರೆ ಸೇರಿ ಹೃದಯಕ್ಕೆ ಚಿಕಿತ್ಸೆ ಆಗಿತ್ತು. ಇನ್ಯಾರಾದರೂ ಆಗಿದ್ದರೆ ಹೂಗಿಡಕ್ಕೆ ನೀರು ಹಾಕಿಕೊಂಡು ಇರುತ್ತಿದ್ದರು. ಇವರು ಉರಿಯುವ ಮನೆಗೆ ನುಗ್ಗಿದರು. ಮೆಸ್ಸಿಯ ಆಪ್ತ ಗೆಳೆಯ ಸ್ವಾರೆಜ್‌ಗೆ ಫೋನ್ ಮಾಡಿ 'ನಿಮಗೆ ಜಾಗ ಇಲ್ಲ' ಅಂದರು. ಆ ಫೋನ್ ಬೇರೆ ರೀತಿ ಆಗಬಹುದಿತ್ತು, ಅದರಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಮೆಸ್ಸಿ 2020ರಲ್ಲಿ ಹೋಗಲಿಲ್ಲ. ಹೋದದ್ದು 2021ರ ಆಗಸ್ಟ್‌ನಲ್ಲಿ. ಕಾರಣ ದುಡ್ಡು. ಕ್ಲಬ್ಬಿನ ಸಾಲ 135 ಕೋಟಿ ಯೂರೋ ಅಂತ ಅಧ್ಯಕ್ಷ ಲಪೋರ್ಟಾ ಅವರೇ ಆ ತಿಂಗಳು ಹೇಳಿದರು. ಬಾರ್ಸಿಲೋನಾ ಅಂಗಿಯಲ್ಲಿ ಮೆಸ್ಸಿ ಎತ್ತಿದ ಕೊನೆಯ ಕಪ್ ಯಾವುದು? ಅದೇ ವರ್ಷ ಏಪ್ರಿಲ್‌ನಲ್ಲಿ ಬಿಲ್ಬಾವೊವನ್ನು 4–0ಯಿಂದ ಸೋಲಿಸಿ ಗೆದ್ದ ರಾಜನ ಕಪ್. ಕೋಚ್ ಕೂಮನ್.

ಇನ್ನೊಂದು ಮಾತು. ಪೆಡ್ರಿಯನ್ನು 17ನೇ ವಯಸ್ಸಿಗೆ ಮೈದಾನಕ್ಕೆ ಇಳಿಸಿ, ಅಲ್ಲೇ ಉಳಿಸಿಕೊಂಡದ್ದು ಇವರು. ಗಾವಿಗೆ ಮೊದಲ ಪಂದ್ಯ ಕೊಟ್ಟದ್ದೂ ಇವರೇ. ಹಣ್ಣು ತಿಂದವರು ಬೇರೆ. 2021ರ ಅಕ್ಟೋಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸೋತ ದಿನ ಸ್ಟೇಡಿಯಂ ಹೊರಗೆ ಅಭಿಮಾನಿಗಳು ಅವರ ಕಾರಿಗೆ ಮುತ್ತಿಗೆ ಹಾಕಿ ಗುದ್ದಿದರು. ಮೂರು ದಿನ ಬಿಟ್ಟು ರಾಯೊ ವಯೆಕಾನೊಗೆ 1–0 ಸೋತ ರಾತ್ರಿ ಅವರನ್ನು ತೆಗೆದರು. ವೆಂಬ್ಲಿಯ ಗೋಲು ಅವರನ್ನು ಅಲ್ಲಿಗೆ ಕರೆಸಿತು, ಉಳಿಸಲಿಲ್ಲ.

ಪ್ರ: ಎವರ್ಟನ್ ಅಭಿಮಾನಿಗಳು ಅವರ ಮೇಲೆ ಮೊದಲು ಮುನಿದದ್ದು ಯಾವಾಗ?

ಉ: 2016ರ ಕ್ರಿಸ್‌ಮಸ್ ಮರಕ್ಕೆ ಕೆಂಪು ಅಲಂಕಾರ ಮಾಡಿ ಫೋಟೋ ಹಾಕಿದಾಗ. ಕೆಂಪು ಅಂದರೆ ಪಕ್ಕದ ಲಿವರ್‌ಪೂಲ್‌ನ ಬಣ್ಣ. ಆಮೇಲೆ ನೀಲಿ ಮರದ ಫೋಟೋ ಬಂತು.

ಪ್ರ: ಅಯಾಕ್ಸ್, ಪಿಎಸ್‌ವಿ, ಫೆಯನೋರ್ಡ್ ಮೂರರಲ್ಲೂ ಆಡಿ, ಮೂರಕ್ಕೂ ಕೋಚ್ ಆದವರು ಇನ್ಯಾರಾದರೂ ಇದ್ದಾರಾ?

ಉ: ಇಲ್ಲ, ಇವರೊಬ್ಬರೇ. ಮೂರೂ ಕಡೆ ಅಭಿಮಾನಿಗಳಿಗೆ ಒಂದೊಂದು ಸಲವಾದರೂ ಬೇಜಾರು ಮಾಡಿದವರೂ ಇವರೊಬ್ಬರೇ.

ಪ್ರ: ಎರಡನೇ ಸಲ ರಾಷ್ಟ್ರೀಯ ತಂಡಕ್ಕೆ ಬಂದು ಏನು ಮಾಡಿದರು?

ಉ: 2023ರ ಜನವರಿಯಲ್ಲಿ ವಾನ್ ಗಾಲ್ ಜಾಗಕ್ಕೆ ಬಂದರು. 2004ರಲ್ಲಿ ಅಯಾಕ್ಸ್‌ನಲ್ಲಿ ಇದೇ ವಾನ್ ಗಾಲ್ ಜೊತೆ ಹೊಂದಾಣಿಕೆಯಾಗದೆ ಜಟಾಪಟಿ ನಡೆದಿತ್ತು, ಅದು ಬೇರೆ ಪುಟದ ಕಥೆ. ಮೊದಲ ಪಂದ್ಯದಲ್ಲೇ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಕೈಯಲ್ಲಿ 4–0 ಸೋಲು. ಮರುವರ್ಷ ಯೂರೋ ಸೆಮಿಫೈನಲ್‌ವರೆಗೆ ಹೋದರು. ಅದೂ ಜರ್ಮನಿಯಲ್ಲಿ. ಡಾರ್ಟ್‌ಮಂಡ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸೀಮೊನ್ಸ್ ಮೊದಲು ಗೋಲು ಹೊಡೆದರು, ಕೇನ್ ಪೆನಾಲ್ಟಿಯಿಂದ ಸಮ ಮಾಡಿದರು, 90ನೇ ನಿಮಿಷದಲ್ಲಿ ವಾಟ್ಕಿನ್ಸ್ ಮುಗಿಸಿದರು. ಆ ಪೆನಾಲ್ಟಿ ಕೊಟ್ಟದ್ದು ಸರಿಯಲ್ಲ ಅಂತ ಕೂಮನ್ ಆಮೇಲೆ ಗೊಣಗಿದರು. ರೋಟರ್‌ಡ್ಯಾಮ್‌ನ ಹಳದಿ ಕಾರ್ಡು ನೆನಪಿದ್ದ ಇಂಗ್ಲಿಷರು ನಕ್ಕಿರಬೇಕು.

ಪ್ರ: ಅವರ ಹೆಸರು 'ಕೋಮನ್' ಅಲ್ವಾ? ಯಾಕೆ 'ಕೂಮನ್' ಅಂತ ಬರೀತೀರಿ? (ಪ್ರೂಫ್ ತಿದ್ದುವವರು)

ಉ: ಡಚ್ ಭಾಷೆಯಲ್ಲಿ ಓ ಅಕ್ಷರದ ಪಕ್ಕ ಇ ಬಂದರೆ (oe) ಅದು ಊ. ಹಾಗಾಗಿ ಕೂಮನ್. ಎರಡು ಓ ಪಕ್ಕಪಕ್ಕ ಬಂದರೆ ನಾವು ಅಂದುಕೊಳ್ಳುವ ಹಾಗೆ ಊ ಅಲ್ಲ, ಓ. ಹಾಗಾಗಿ ಫೆಯನೋರ್ಡ್. ಹಿಂದಿನ ಸಂಚಿಕೆಯಲ್ಲಿ ನಾನು 'ಫೆಯನೂರ್ಡ್' ಅಂತ ಬರೆದಿದ್ದೆ. ಅದನ್ನು ಮಾತ್ರ ನೀವು ಹಿಡಿಯಲಿಲ್ಲ.